ಕೋಲಾರಕ್ಕೊಂದು ಸೋದರಿ ನಗರ

ಒಬ್ಬರು: ಬೇರೆ ಬೇರೆ ದೇಶಗಳ ಎರಡು ಊರುಗಳ ಆಡಳಿತ ಸಂಸ್ಥೆಗಳು ಒಪ್ಪಂದಕ್ಕೆ ಸಹಿ ಹಾಕಿ, ತಮ್ಮ ವಿದ್ಯಾರ್ಥಿಗಳು, ಕಲಾವಿದರು, ಎಂಜಿನಿಯರುಗಳು, ವ್ಯಾಪಾರಸ್ಥರು ಹೋಗಿ ಬರಲು ದಾರಿ ಮಾಡಿಕೊಟ್ಟರೆ ಅವು ಸೋದರಿ ನಗರಗಳಾಗುತ್ತವೆ. ಈ ಒಪ್ಪಂದಕ್ಕೆ ಸಾಮಾನ್ಯವಾಗಿ ಗಡುವು ಇರುವುದಿಲ್ಲ. ಮುರಿದವರಿಗೆ ದಂಡವೂ ಇಲ್ಲ.

ಇನ್ನೊಬ್ಬರು: ಗಡುವಿಲ್ಲ, ದಂಡವಿಲ್ಲ ಅಂದಮೇಲೆ ಹಾರ ತುರಾಯಿಗಿಂತ ಹೆಚ್ಚಿನದೇನು ಅದರಲ್ಲಿ ಉಳಿಯಿತು? ಸಹಿ ಹಾಕಿದ ದಿನ ಒಂದು ಫೋಟೊ, ಆಮೇಲೆ ಒಂದು ವಿದೇಶ ಪ್ರವಾಸ, ಅಲ್ಲಿಗೆ ಕಡತ ಮುಚ್ಚಿತು ಎಂದು ಜನ ಆಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಒಬ್ಬರು: ಬಹಳಷ್ಟು ಕಡೆ ಆಗಿರುವುದು ಅದೇ. ಹಾಗೆಂದು ಈ ಪದ್ಧತಿ ಹುಟ್ಟಿದ್ದು ಫೋಟೊಗಾಗಿ ಅಲ್ಲ. 1940ರಲ್ಲಿ ಜರ್ಮನ್ ಬಾಂಬುಗಳಿಗೆ ಸಿಕ್ಕಿ ಇಂಗ್ಲೆಂಡಿನ ಕೊವೆಂಟ್ರಿ ನಗರ ನೆಲಸಮವಾಯಿತು. ಎರಡು ವರ್ಷದ ಮೇಲೆ ಸೋವಿಯತ್ ಒಕ್ಕೂಟದ ಸ್ಟಾಲಿನ್‌ಗ್ರಾಡ್‌ಗೂ ಅದೇ ಗತಿ ಬಂತು. ಕೊವೆಂಟ್ರಿಯ 830 ಹೆಂಗಸರು ತಲಾ ಒಂದಿಷ್ಟು ಚಿಲ್ಲರೆ ಸೇರಿಸಿ, ಮೇಜುಬಟ್ಟೆಯೊಂದರ ಮೇಲೆ ತಮ್ಮ ಹೆಸರುಗಳನ್ನು ಕಸೂತಿ ಹಾಕಿ ಸ್ಟಾಲಿನ್‌ಗ್ರಾಡ್‌ಗೆ ಕಳಿಸಿದರು. 1944ರಲ್ಲಿ ಎರಡೂ ಊರುಗಳು ಅಧಿಕೃತವಾಗಿ ನಂಟು ಬೆಳೆಸಿದವು. 1959ರಲ್ಲಿ ಅದೇ ಕೊವೆಂಟ್ರಿ ಜರ್ಮನಿಯ ಡ್ರೆಸ್ಡನ್ ಜೊತೆಗೂ ಕೈಜೋಡಿಸಿತು. ಡ್ರೆಸ್ಡನ್ನನ್ನು ಸುಟ್ಟಿದ್ದು ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು. ಯುದ್ಧ ಮುಗಿದ ಮೇಲೆ ಫ್ರಾನ್ಸ್ ಮತ್ತು ಜರ್ಮನಿಯ ನೂರಾರು ಊರುಗಳು ಹೀಗೆ ಜೋಡಿಯಾದವು. ಅಮೆರಿಕದಲ್ಲಿ ಅಧ್ಯಕ್ಷ ಐಸೆನ್‌ಹೋವರ್ 1956ರಲ್ಲಿ ಇದನ್ನೊಂದು ರಾಷ್ಟ್ರೀಯ ಕಾರ್ಯಕ್ರಮವನ್ನಾಗಿ ಮಾಡಿದರು.

ಇನ್ನೊಬ್ಬರು: ಅಲ್ಲೆಲ್ಲ ಆರಿಸುವ ಪ್ರಶ್ನೆಯೇ ಏಳಲಿಲ್ಲ. ನೋವೇ ಜೋಡಿಯನ್ನು ಹುಡುಕಿಕೊಟ್ಟಿತು. ಈಗಿನ ಊರುಗಳು ಯಾವ ಲೆಕ್ಕದಲ್ಲಿ ಆರಿಸುತ್ತವೆ?

ಒಬ್ಬರು: ಹೆಚ್ಚಿನ ಸಲ ಊರು ಆರಿಸುವುದೇ ಇಲ್ಲ, ಮೇಲಿನವರು ಆರಿಸಿಕೊಡುತ್ತಾರೆ. ಬೆಂಗಳೂರನ್ನೇ ತೆಗೆದುಕೊಳ್ಳಿ. ಭಾರತ ಮತ್ತು ಸೋವಿಯತ್ ಒಕ್ಕೂಟದ ಸ್ನೇಹ ಗಟ್ಟಿಯಾಗಿದ್ದ 1973ರಲ್ಲಿ ಬೆಲಾರುಸ್‌ನ ಮಿನ್ಸ್ಕ್ ಬೆಂಗಳೂರಿನ ಸೋದರಿಯಾಯಿತು. ಇಲ್ಲಿ ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ ಮಿನ್ಸ್ಕ್ ಚೌಕ ಬಂತು, ಅಲ್ಲಿ ಬೆಂಗಳೂರಿನ ಹೆಸರಿನ ಚೌಕ ಬಂತು. 2013ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಚೀನಾಕ್ಕೆ ಹೋದಾಗ ಒಂದೇ ಭೇಟಿಯಲ್ಲಿ ಮೂರು ಜೋಡಿಗಳು ಕೂಡಿದವು: ದೆಹಲಿ ಮತ್ತು ಬೀಜಿಂಗ್, ಕೋಲ್ಕತ್ತ ಮತ್ತು ಕುನ್ಮಿಂಗ್, ಬೆಂಗಳೂರು ಮತ್ತು ಚೆಂಗ್ದು. ಮಾತುಕತೆಯ ಕೊನೆಗೆ ಎರಡೂ ಸರ್ಕಾರಗಳು ಒಪ್ಪುವಂಥ, ಯಾರಿಗೂ ನಷ್ಟವಿಲ್ಲದ ಸಾಲೊಂದು ಜಂಟಿ ಹೇಳಿಕೆಗೆ ಬೇಕಾಗುತ್ತದೆ. ಸೋದರಿ ನಗರ ಅದಕ್ಕೆ ಹೇಳಿ ಮಾಡಿಸಿದಂತಿದೆ.

ಇನ್ನೊಬ್ಬರು: ಮಿನ್ಸ್ಕ್ ಚೌಕದಲ್ಲಿ ಸಿಗ್ನಲ್ಲಿಗೆ ಕಾಯುವವರಲ್ಲಿ ಎಷ್ಟು ಮಂದಿಗೆ ಆ ಹೆಸರು ಯಾಕೆ ಬಂತು ಅನ್ನುವುದು ಗೊತ್ತು?

ಒಬ್ಬರು: ಕೆಲವೇ ಮಂದಿಗೆ. ಮೇಲಿನಿಂದ ಬಂದ ನಂಟಿನ ದೌರ್ಬಲ್ಯ ಅದು. ಎರಡನೆಯ ಬಗೆಯ ನಂಟನ್ನು ಊರು ಬಿಟ್ಟು ಹೋದ ಜನ ಕಟ್ಟುತ್ತಾರೆ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಜೋಡಿಯ ಹಿಂದೆ ಸಾಫ್ಟ್‌ವೇರ್ ಕಂಪನಿಗಳೂ ಆ ಕೊಲ್ಲಿಯ ಸುತ್ತ ನೆಲೆಸಿದ ಭಾರತೀಯ ಕುಟುಂಬಗಳೂ ಇದ್ದವು. ಮಂಗಳೂರು ಮತ್ತು ಕೆನಡಾದ ಹ್ಯಾಮಿಲ್ಟನ್ ನಂಟು ಇದಕ್ಕಿಂತ ಹಳೆಯದು, 1960ರ ದಶಕದ ಕೊನೆಯದು. ಮೂರನೆಯ ಬಗೆಗೆ ಹೋಲಿಕೆಯೇ ಆಧಾರ. ಅಜಂತಾ, ಎಲ್ಲೋರಾ ಗುಹೆಗಳಿರುವ ಔರಂಗಾಬಾದ್‌ಗೆ ಬೌದ್ಧ ಗುಹೆಗಳಿಗೆ ಹೆಸರಾದ ಚೀನಾದ ದುನ್‌ಹುವಾಂಗ್ ಜೊತೆಯಾಯಿತು. ದೇವಾಲಯಗಳ ಕಾಶಿಗೆ 2014ರಲ್ಲಿ ದೇವಾಲಯಗಳ ಕ್ಯೋಟೊ ಸಿಕ್ಕಿತು. ಅಯೋಧ್ಯೆಗೂ ಕೊರಿಯಾದ ಗಿಮ್ಹೇ ನಗರಕ್ಕೂ ನಂಟು ತಂದಿದ್ದು ಒಂದು ಐತಿಹ್ಯ. ಅಯೋಧ್ಯೆಯ ರಾಜಕುಮಾರಿಯೊಬ್ಬಳು ಸಮುದ್ರ ದಾಟಿ ಹೋಗಿ ಅಲ್ಲಿನ ರಾಜನನ್ನು ಮದುವೆಯಾದಳೆಂದು ಕೊರಿಯನ್ನರು ನಂಬುತ್ತಾರೆ.

ಇನ್ನೊಬ್ಬರು: ಹಾಗಾದರೆ ಕೋಲಾರಕ್ಕೆ ಹೋಲಿಕೆ ಹುಡುಕುವುದು ಸುಲಭ. ಟೊಮೆಟೊ ಇದೆ, ರೇಷ್ಮೆ ಇದೆ, ಹಾಲಿದೆ, ಕೋಲಾರಮ್ಮನ ಗುಡಿಯಿದೆ, ಅಂತರಗಂಗೆಯಿದೆ. ಜಗತ್ತಿನ ಭೂಪಟ ಬಿಡಿಸಿ, ಇವುಗಳಲ್ಲಿ ಎರಡು ಇರುವ ಊರಿನ ಮೇಲೆ ಬೆರಳಿಟ್ಟರೆ ಆಯಿತು.

ಒಬ್ಬರು: ಹೋಲಿಕೆಯಿಂದ ಭಾಷಣಕ್ಕೆ ಸಾಮಗ್ರಿ ಸಿಗುತ್ತದೆ, ಕೆಲಸ ಸಿಗುವುದಿಲ್ಲ. ಎರಡೂ ಕಡೆ ಟೊಮೆಟೊ ಬೆಳೆಯುತ್ತಾರೆ ಅನ್ನುವುದರಿಂದ ಏನು ಹುಟ್ಟುತ್ತದೆ? ಮಂಡಿಯಲ್ಲಿ ದರ ಬಿದ್ದ ದಿನ ಹಣ್ಣನ್ನು ರಸ್ತೆಗೆ ಸುರಿಯುವ ಗತಿ ಆ ಊರಿಗೂ ಬಂದು, ಅದಕ್ಕೆ ಅವರೊಂದು ಉಪಾಯ ಕಂಡುಕೊಂಡಿದ್ದರೆ ಆಗ ಮಾತಿಗೆ ಅರ್ಥ ಬರುತ್ತದೆ. ಹೋಲಿಕೆಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಇಬ್ಬರಿಗೂ ಇರುವ ತೊಡಕನ್ನು ನೋಡಬೇಕು. ಅದಕ್ಕೂ ಮುಂಚೆ, ಜನ ನಿಜವಾಗಿ ಓಡಾಡಿದ ಹಳೆಯ ದಾರಿ ಏನಾದರೂ ಇದೆಯೇ ಎಂದು ನೋಡಬೇಕು. ಕೋಲಾರ ಜಿಲ್ಲೆಗೆ ಅಂಥದ್ದೊಂದು ಇದೆ.

ಇನ್ನೊಬ್ಬರು: ಕೆಜಿಎಫ್, ಅಂದರೆ ಕೋಲಾರದ ಚಿನ್ನದ ಗಣಿ ತಾನೇ?

ಒಬ್ಬರು: ಹೌದು. ಐರ್‌ಲೆಂಡ್ ಮೂಲದ ಮೈಕೆಲ್ ಲವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದು ಶುರು ಮಾಡಿದ ಅಗೆತ, 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈಗೆ ಬಂತು. ಆ ಕಂಪನಿ ಗಣಿ ನಡೆಸುವವರನ್ನು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಿಂದ ಕರೆತಂದಿತು. ತವರ ಮತ್ತು ತಾಮ್ರದ ಗಣಿಗಳ ಸೀಮೆ ಅದು. ಗಣಿ ಸೋತಂತೆಲ್ಲ ಅಲ್ಲಿನವರು ಜಗತ್ತಿನ ಮೂಲೆ ಮೂಲೆಗೆ ಹೋದರು. ಕಂಪನಿಯ ಹಿರಿಯ ಜಾನ್ ಟೇಲರ್ ಕೋಲಾರಕ್ಕೆ ಮುಂಚೆಯೇ, 1824ರಲ್ಲಿ, ಮೆಕ್ಸಿಕೊದ ರಿಯಲ್ ದೆಲ್ ಮೊಂಟೆಯ ಬೆಳ್ಳಿ ಗಣಿ ನಡೆಸಲು ಕಟ್ಟಿದ ಕಂಪನಿಯಲ್ಲೂ ಇದ್ದವನು. ಅಲ್ಲಿಗೂ ಹೋದವರು ಕಾರ್ನ್‌ವಾಲ್‌ನವರೇ. ಅವರು ಒಯ್ದ, ಮಾಂಸ ಆಲೂಗಡ್ಡೆ ತುಂಬಿದ ಕಡುಬಿನಂಥ ತಿಂಡಿ ಇವತ್ತಿಗೂ ಆ ಊರಿನ ಹೆಗ್ಗುರುತು. 2009ರಿಂದ ಅದರ ಹೆಸರಲ್ಲಿ ಹಬ್ಬವೂ ನಡೆಯುತ್ತಿದೆ. ಪಕ್ಕದ ಪಚೂಕ ನಗರದಲ್ಲಿ ಮೊದಲು ಫುಟ್‌ಬಾಲ್ ಆಡಿದವರು ಗಣಿಗಾರರೇ.

ಇನ್ನೊಬ್ಬರು: ಆ ಊರುಗಳು ಸೋದರಿಯರಾದವೇ?

ಒಬ್ಬರು: ಆದವು. ಕಾರ್ನ್‌ವಾಲ್‌ನ ರೆಡ್ರೂತ್ 1996ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿನರಲ್ ಪಾಯಿಂಟ್ ಜೊತೆಗೂ 2008ರಲ್ಲಿ ರಿಯಲ್ ದೆಲ್ ಮೊಂಟೆ ಜೊತೆಗೂ ಒಪ್ಪಂದ ಮಾಡಿಕೊಂಡಿತು. ಪಕ್ಕದ ಕ್ಯಾಂಬೋರ್ನ್ ಪಚೂಕದ ಜೊತೆ ಸೇರಿತು. ಹಿಂದೆ ಬಿದ್ದು ಮಾಡಿಸಿದ್ದು ಮೆಕ್ಸಿಕೊ ನಂಟಿಗೆಂದೇ ಹುಟ್ಟಿದ ಸ್ಥಳೀಯ ಸಂಘ. 2014ರಲ್ಲಿ, ಆಗ ಬ್ರಿಟನ್ನಿನ ರಾಜಕುಮಾರರಾಗಿದ್ದ ಚಾರ್ಲ್ಸ್ ರಿಯಲ್ ದೆಲ್ ಮೊಂಟೆಗೆ ಭೇಟಿ ಕೊಟ್ಟರು. ಜಾನ್ ಟೇಲರ್ ಕಂಪನಿಯ ಭೂಪಟದಲ್ಲಿ ಈ ಊರುಗಳಷ್ಟೇ ದೊಡ್ಡದಾಗಿ ಬರೆಯಬೇಕಾದ ಕೋಲಾರದ ಗಣಿ ಮಾತ್ರ ಈ ನೆಂಟಸ್ತಿಕೆಯ ಹೊರಗೆ ಉಳಿದಿದೆ. ಕ್ಯಾಂಬೋರ್ನ್ ಮತ್ತು ರೆಡ್ರೂತ್ ನಡುವಿನ ಸೌತ್ ಕ್ರಾಫ್ಟಿ ತವರದ ಗಣಿ ಮುಚ್ಚಿದ್ದು 1998ರಲ್ಲಿ, ಕೆಜಿಎಫ್ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಮೂರು ವರ್ಷದ ಅಂತರದಲ್ಲಿ ಎರಡು ಗಣಿ ಸೀಮೆಗಳು ಒಂದೇ ಬಗೆಯ ನಿರುದ್ಯೋಗ ಕಂಡವು. ಆಮೇಲೆ ಕಾರ್ನ್‌ವಾಲ್ ತನ್ನ ಪಾಳುಬಿದ್ದ ಎಂಜಿನ್ ಮನೆಗಳನ್ನು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಇಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಸೈನೈಡ್ ದಿಬ್ಬಗಳ ಧೂಳು ಗಾಳಿ ಬಂದಾಗ ಈಗಲೂ ಮನೆಯೊಳಕ್ಕೆ ಬರುತ್ತದೆ.

ಇನ್ನೊಬ್ಬರು: ಇಲ್ಲೊಂದು ಮಾತಿದೆ. ಕಾರ್ನ್‌ವಾಲ್ ಜೊತೆ ನಂಟು ಅಂದ ಕೂಡಲೇ ನೆನಪಾಗುವುದು ಬಂಗಲೆ, ಕ್ಲಬ್, ಗಾಲ್ಫ್ ಮೈದಾನ. ಕೆಜಿಎಫ್‌ಗೆ ಕಿರು ಇಂಗ್ಲೆಂಡ್ ಎಂಬ ಅಡ್ಡಹೆಸರು ಬಂದದ್ದೇ ಹಾಗೆ. ಸುರಂಗದೊಳಕ್ಕೆ ಇಳಿದವರೋ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ ತಮಿಳು, ತೆಲುಗು ಕುಟುಂಬಗಳು. ಅವರಲ್ಲಿ ಬಹುಪಾಲು ದಲಿತರು. ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರ್‌ಗೂ ಆಳದ ಕಾವಿನಲ್ಲಿ ಕೆಲಸ ಮಾಡಿದವರ ಮೊಮ್ಮಕ್ಕಳು ಇವತ್ತು ಬೆಳಗಿನ ರೈಲಿನಲ್ಲಿ ನಿಂತುಕೊಂಡು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಸೋದರಿ ನಗರದ ಒಪ್ಪಂದ ಬಂಗಲೆಯ ನೆನಪಿಗೆ ಸುಣ್ಣ ಬಳಿದರೆ ಇವರಿಗೆ ಏನು ಬಂತು?

ಒಬ್ಬರು: ಆ ಕಾರಣಕ್ಕೇ ಕಾರ್ನ್‌ವಾಲ್‌ಗಿಂತ ಮೆಕ್ಸಿಕೊದ ಕಡೆ ನೋಡುವುದು ಮೇಲು. ರಿಯಲ್ ದೆಲ್ ಮೊಂಟೆಯಲ್ಲೂ ಮೇಲೆ ನಿಂತು ಆಳಿದವರು ಹೊರಗಿನವರು, ಕೆಳಗೆ ಇಳಿದವರು ಅಲ್ಲಿನವರು. 1766ರಲ್ಲಿ ಅಲ್ಲಿನ ಗಣಿ ಕಾರ್ಮಿಕರು ಹೂಡಿದ ಮುಷ್ಕರವನ್ನು ಅಮೆರಿಕ ಖಂಡಗಳ ಮೊದಲ ಮುಷ್ಕರಗಳಲ್ಲಿ ಒಂದೆಂದು ಎಣಿಸುತ್ತಾರೆ. ಕೆಜಿಎಫ್ ಕಾರ್ಮಿಕರು 1930ರಲ್ಲಿ ಕಡ್ಡಾಯ ಬೆರಳಚ್ಚು ನೋಂದಣಿಯ ವಿರುದ್ಧ ಮುಷ್ಕರ ಹೂಡಿದ್ದರು. ಈ ಎರಡು ನೆನಪುಗಳು ಒಂದಕ್ಕೊಂದು ಮಾತಾಡಬಲ್ಲವು. ಅದಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ, ಅದು ನೀರಿನದು.

ಇನ್ನೊಬ್ಬರು: ಮೆಕ್ಸಿಕೊದ ಬೆಳ್ಳಿ ಊರಿಗೂ ಕೋಲಾರದ ನೀರಿಗೂ ಏನು ಸಂಬಂಧ?

ಒಬ್ಬರು: ಪಚೂಕ ಇರುವುದು ಹಿದಾಲ್ಗೊ ರಾಜ್ಯದಲ್ಲಿ, ಅದರ ರಾಜಧಾನಿಯಾಗಿ. ಮೆಕ್ಸಿಕೊ ಸಿಟಿಗೆ ಸುಮಾರು 90 ಕಿಲೋಮೀಟರ್. ಅದೇ ರಾಜ್ಯದ ಮೆಸ್ಕಿತಾಲ್ ಕಣಿವೆ ಮಳೆ ಕಡಿಮೆಯ ಒಣಭೂಮಿ. ನೂರು ವರ್ಷಕ್ಕೂ ಮೇಲ್ಪಟ್ಟು ಮೆಕ್ಸಿಕೊ ಸಿಟಿಯ ಕೊಳಚೆ ನೀರು ಕಾಲುವೆಗಳಲ್ಲಿ ಆ ಕಣಿವೆಗೆ ಹರಿಯುತ್ತಿದೆ. ಹತ್ತಿರ ಹತ್ತಿರ 90 ಸಾವಿರ ಹೆಕ್ಟೇರ್ ಜಮೀನು ಅದರ ಮೇಲೆ ಬೆಳೆ ತೆಗೆದಿದೆ. ಹೊಲದಿಂದ ಇಂಗಿದ ನೀರು ಅಂತರ್ಜಲ ತುಂಬಿ, ಹಿಂದೆ ಇಲ್ಲದ ಕಡೆ ಬುಗ್ಗೆಗಳು ಎದ್ದವು. ಈಗ ಹೇಳಿ, ಒಂದು ಮಹಾನಗರದ ಕೊಳಚೆ ಪಕ್ಕದ ಬರದ ಜಿಲ್ಲೆಗೆ ಬಂದು ಅಂತರ್ಜಲ ತುಂಬುವ ಕಥೆಯನ್ನು ಇನ್ನೆಲ್ಲಿ ಕೇಳಿದ್ದೇವೆ?

ಇನ್ನೊಬ್ಬರು: ಕೆಸಿ ವ್ಯಾಲಿ! ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಪಂಪ್ ಮಾಡಿ ಕೋಲಾರದ ಕೆರೆಗಳಿಗೆ ಬಿಡುವ ಯೋಜನೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್, ನೂರಕ್ಕೂ ಮೀರಿದ ಕೆರೆಗಳು. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂತೆಂದು ಒಂದು ಕಡೆ ಸಂಭ್ರಮ. ಇನ್ನೊಂದು ಕಡೆ, ಆರಂಭದ ವಾರಗಳಲ್ಲೇ ಕೆರೆಯಲ್ಲಿ ನೊರೆ ಎದ್ದು ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕೆಂಬ ಕೂಗು ಇನ್ನೂ ನಿಂತಿಲ್ಲ. ಮೊದಲೇ ಫ್ಲೋರೈಡ್ ಕಾಡುವ ನೆಲ ಇದು.

ಒಬ್ಬರು: ಇಲ್ಲಿ ಎದ್ದ ಪ್ರಶ್ನೆಗಳೆಲ್ಲ ಮೆಸ್ಕಿತಾಲ್‌ನಲ್ಲಿ ಹಳೆಯವು. ಅಲ್ಲಿ ದಶಕಗಟ್ಟಲೆ ಹರಿದದ್ದು ಶುದ್ಧೀಕರಿಸದ ನೀರು. ಹೊಲದಲ್ಲಿ ದುಡಿದವರ ಮಕ್ಕಳಿಗೆ ಹೊಟ್ಟೆಹುಳುವಿನ ಕಾಯಿಲೆ ಅಂಟಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಮಣ್ಣಿನಲ್ಲಿ ಲೋಹದ ಅಂಶ ಎಷ್ಟು ಕೂಡಿಕೊಂಡಿತು, ಯಾವ ಬೆಳೆ ಹಾಕಬಹುದು, ಯಾವುದು ಕೂಡದು ಎಂಬುದರ ಬಗ್ಗೆ ತಲೆಮಾರುಗಳ ಅನುಭವ ಅಲ್ಲಿದೆ. ಕಳೆದ ದಶಕದ ಕೊನೆಗೆ ಅತೊತೊನಿಲ್ಕೊದಲ್ಲಿ ದೈತ್ಯ ಶುದ್ಧೀಕರಣ ಘಟಕ ಬಂತು. ಸೆಕೆಂಡಿಗೆ 35 ಘನ ಮೀಟರ್, ಅಂದರೆ ದಿನಕ್ಕೆ 300 ಕೋಟಿ ಲೀಟರ್ ಸಾಮರ್ಥ್ಯ. ವಿಚಿತ್ರವೆಂದರೆ ರೈತರಲ್ಲಿ ಹಲವರು ಅದನ್ನು ಇಷ್ಟಪಡಲಿಲ್ಲ. ನೀರು ಶುದ್ಧವಾದರೆ ಅದರಲ್ಲಿನ ಗೊಬ್ಬರದ ಸಾರ ಹೋಗುತ್ತದೆಂಬ ಚಿಂತೆ ಅವರದು. ಈ ನೀರಿನ ಬಗ್ಗೆ ಕೋಲಾರದವರು ಬೆಂಗಳೂರಿನವರನ್ನು ಕೇಳಿದರೆ ಕಳಿಸುವವನ ಉತ್ತರ ಸಿಗುತ್ತದೆ. ಪಡೆದುಕೊಂಡವನ ಉತ್ತರ ಬೇಕಾದರೆ ಹಿದಾಲ್ಗೊಗೆ ಹೋಗಬೇಕು.

ಇನ್ನೊಬ್ಬರು: ವಾದಕ್ಕೆ ಒಪ್ಪಿದೆ. ಆದರೆ ಅಲ್ಲಿನದು ಸ್ಪ್ಯಾನಿಷ್, ಇಲ್ಲಿ ಕನ್ನಡ, ತೆಲುಗು, ತಮಿಳು. ನಡುವೆ ಅರ್ಧ ಭೂಗೋಳ. ಅದೂ ಅಲ್ಲದೆ ಗಣಿ ಕೆಜಿಎಫ್‌ನಲ್ಲಿ, ನೀರು ಕೋಲಾರದಲ್ಲಿ. ಅಲ್ಲಿಯೂ ಗಣಿ ಪಚೂಕದ ಬಳಿ, ನೀರು ಮೆಸ್ಕಿತಾಲ್‌ನಲ್ಲಿ. ಯಾವ ಊರು ಯಾವ ಊರಿಗೆ ಪತ್ರ ಬರೆಯಬೇಕು?

ಒಬ್ಬರು: ಕೋಲಾರ ಪಚೂಕಕ್ಕೆ ಬರೆಯಬಹುದು, ಎರಡೂ ಕೇಂದ್ರಸ್ಥಾನಗಳೇ. ಆರಿಸುವಾಗ ಗಾತ್ರವೂ ಒಂದು ಅಳತೆ, ಇದನ್ನು ಬಹಳ ಜನ ಮರೆಯುತ್ತಾರೆ. 2011ರ ಜನಗಣತಿಯಲ್ಲಿ ಕೋಲಾರ ನಗರ ಸುಮಾರು 1.38 ಲಕ್ಷ. ಪಚೂಕ ಮೂರು ಲಕ್ಷ ದಾಟಿದೆ. ತೀರಾ ಹೊಂದದ ಜೋಡಿಯೇನಲ್ಲ. ಕೋಲಾರ ಹೋಗಿ ಶಾಂಘೈ ಬಾಗಿಲು ತಟ್ಟಿದರೆ ಅಲ್ಲಿ ಕಾಗದ ಯಾವ ಮೇಜಿನ ಮೇಲೆ ಇದೆ ಅನ್ನುವುದೂ ತಿಳಿಯುವುದಿಲ್ಲ. ದೊಡ್ಡ ನಗರಗಳಿಗೆ ಆಗಲೇ ಹತ್ತಾರು ಸೋದರಿಯರಿರುತ್ತಾರೆ. ಪ್ಯಾರಿಸ್ ಮತ್ತು ರೋಮ್ ಮಾತ್ರ 1956ರಿಂದ ಒಂದಕ್ಕೊಂದು ಸಾಕೆಂದು ಕೂತಿವೆ, ಅದು ದೊಡ್ಡವರ ಬಿಂಕ.

ಇನ್ನೊಬ್ಬರು: ಗಾತ್ರದ ಮಾತು ಬಂತಲ್ಲ, ಮಾಲೂರಿನ ಕತೆ ಏನು? ಸುಮಾರು 40 ಸಾವಿರ ಜನರ ಊರು. ಇಟ್ಟಿಗೆ, ಹೆಂಚು, ಹೂವು, ನೀಲಗಿರಿ ತೋಪು, ಈಗ ಕೈಗಾರಿಕಾ ಪ್ರದೇಶ. ಮಾಸ್ತಿಯವರ ಸೀಮೆ. ಇಷ್ಟಕ್ಕೆ ಹೊರದೇಶದಲ್ಲಿ ಯಾರು ಸಿಗುತ್ತಾರೆ?

ಒಬ್ಬರು: ಕೈಗಾರಿಕೆಯ ಎಳೆ ಹಿಡಿದು ಹೋಗಬೇಕು. ಮಾಲೂರಿಗೂ ಕೋಲಾರಕ್ಕೂ ನಡುವಿನ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನದ ಕಾರ್ಖಾನೆ 2013ರಿಂದ ನಡೆಯುತ್ತಿದೆ. ಅಲ್ಲೇ ವಿಸ್ಟ್ರಾನ್ ಕಟ್ಟಿದ ಐಫೋನ್ ಘಟಕ 2023ರಲ್ಲಿ ಟಾಟಾ ಕೈಗೆ ಬಂತು. ಹೋಂಡಾದ ಮೋಟಾರ್‌ಸೈಕಲ್ ಕಾರ್ಖಾನೆ ಜಪಾನಿನಲ್ಲಿ ಇರುವುದು ಕುಮಾಮೊಟೊ ಪ್ರಾಂತ್ಯದ ಓಜು ಎಂಬ ಪುಟ್ಟ ಊರಿನಲ್ಲಿ. ಓಜುವಿನ ಜನಸಂಖ್ಯೆ 35 ಸಾವಿರದ ಆಸುಪಾಸು, ಹೆಚ್ಚುಕಡಿಮೆ ಮಾಲೂರಿನಷ್ಟೇ. ಪಕ್ಕದ ಕಿಕುಯೊದಲ್ಲಿ ಸೋನಿಯ ಚಿಪ್ ಘಟಕವಿದೆ, 2024ರಲ್ಲಿ ತೈವಾನಿನ ಟಿಎಸ್‌ಎಂಸಿಯೂ ಬಂದಿದೆ. ಗದ್ದೆ, ಹಸು, ನಡುವೆ ಕಾರ್ಖಾನೆ, ಬೆಳಗ್ಗೆ ಟ್ರಾಫಿಕ್ಕು: ನರಸಾಪುರದವರಿಗೆ ಗುರುತು ಹತ್ತದ ನೋಟವೇನಲ್ಲ.

ಇನ್ನೊಬ್ಬರು: ಕಂಪನಿಯ ಹೆಸರೊಂದೇ ಸಾಕೇ? ನಾಳೆ ಕಂಪನಿ ಹೋದರೆ ನಂಟೂ ಹೋಯಿತು.

ಒಬ್ಬರು: ಸಾಲದು. ಓಜುವಿನಲ್ಲಿ ನೋಡಬೇಕಾದದ್ದು ಗದ್ದೆ. ಸುಮಾರು ಏಳೂವರೆ ಲಕ್ಷ ಜನರ ಕುಮಾಮೊಟೊ ನಗರ ಕುಡಿಯುವುದು ಪೂರ್ತಿ ಅಂತರ್ಜಲವನ್ನೇ. ಆ ನೀರು ಇಂಗುವುದು ಶಿರಕಾವಾ ನದಿಯ ಮೇಲ್ದಂಡೆಯ ಓಜು, ಕಿಕುಯೊ ಗದ್ದೆಗಳಲ್ಲಿ. ಭತ್ತ ಕಡಿಮೆಯಾಗಿ ಗದ್ದೆಗಳು ಒಣಗತೊಡಗಿದಾಗ ನಗರದ ಅಂತರ್ಜಲವೂ ಇಳಿಯಿತು. 2004ರಿಂದ ನಗರಾಡಳಿತ ಮೇಲಿನ ರೈತರಿಗೆ ಹಣ ಕೊಟ್ಟು, ಬೆಳೆಯಿಲ್ಲದ ತಿಂಗಳುಗಳಲ್ಲಿ ಗದ್ದೆಗೆ ನೀರು ನಿಲ್ಲಿಸುವ ಏರ್ಪಾಡು ಮಾಡಿದೆ. ಅದಕ್ಕೊಂದು ವರ್ಷ ಮುಂಚೆಯೇ ಸೋನಿ ಘಟಕ ತಾನು ಎತ್ತುವ ನೀರಿಗೆ ಬದಲಾಗಿ ಇದೇ ಕೆಲಸ ಶುರುಮಾಡಿತ್ತು. ನಗರದ ಏರ್ಪಾಡಿಗೆ 2013ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು. ಕಾರ್ಖಾನೆ ನೀರೆತ್ತಿದರೆ ಇಂಗಿಸುವ ರೈತನಿಗೆ ದುಡ್ಡು ಎಂಬ ಲೆಕ್ಕ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಿಗೆ ಎಷ್ಟು ಹೊಂದುತ್ತದೆ, ಹೂಳು ತೆಗೆದ ಕೆರೆಗೆ ಯಾರು ಎಷ್ಟು ಕೊಡಬೇಕು ಎಂದು ಕೂತು ಮಾತಾಡಲು ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ.

ಇನ್ನೊಬ್ಬರು: ಶ್ರೀನಿವಾಸಪುರಕ್ಕೆ ಮಾವು ಬಿಟ್ಟು ಬೇರೆ ಮಾತಿಲ್ಲ. ಹಾಗೆಂದು ಮಾವು ಬೆಳೆಯುವ ಇನ್ನೊಂದು ಊರನ್ನು ಹುಡುಕಿದರೆ ಪ್ರತಿಸ್ಪರ್ಧಿಯನ್ನೇ ಮನೆಗೆ ಕರೆದಂತೆ.

ಒಬ್ಬರು: ಸ್ಪರ್ಧೆ ಏಳುವುದು ಇಬ್ಬರ ಹಣ್ಣೂ ಒಂದೇ ಕಾಲಕ್ಕೆ ಮಾರುಕಟ್ಟೆಗೆ ಬಂದಾಗ. ಶ್ರೀನಿವಾಸಪುರದ ಬಾದಾಮಿ, ಬೇನಿಷಾ, ತೋತಾಪುರಿ ಬರುವುದು ಮೇ ತಿಂಗಳಿಂದ ಜುಲೈವರೆಗೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಯ ಬೋವೆನ್‌ನಲ್ಲಿ ಮಾವಿನ ಕಾಲ ನವೆಂಬರ್ ಸುತ್ತಮುತ್ತ. ಅದು ಹತ್ತು ಸಾವಿರದಷ್ಟು ಜನರ ಊರು, ಶ್ರೀನಿವಾಸಪುರದ 27 ಸಾವಿರಕ್ಕಿಂತಲೂ ಚಿಕ್ಕದು. ಊರ ಬಾಗಿಲಲ್ಲಿ ಮೂರಾಳೆತ್ತರಕ್ಕೂ ಮಿಗಿಲಾದ ಮಾವಿನ ಪ್ರತಿಮೆ ನಿಲ್ಲಿಸಿಕೊಂಡಿದ್ದಾರೆ. ಅವರ ಕೆನ್ಸಿಂಗ್ಟನ್ ಪ್ರೈಡ್ ತಳಿ, ಹತ್ತೊಂಬತ್ತನೇ ಶತಮಾನದಲ್ಲಿ ಭಾರತದ ಸೇನೆಗೆ ಕುದುರೆ ಸಾಗಿಸಿ ಹಿಂದಿರುಗಿದ ಹಡಗುಗಳಲ್ಲಿ ಬಂದ ಹಣ್ಣಿನ ವಾಟೆಯಿಂದ ಹುಟ್ಟಿತೆಂದು ನಂಬಿಕೆ. ಋತು ಬೇರೆ, ಮೂಲ ಹತ್ತಿರ, ಗಾತ್ರವೂ ಸಲ್ಲುತ್ತದೆ. ಕೊಯ್ದ ಹಣ್ಣನ್ನು ತೊಳೆದು, ವಿಂಗಡಿಸಿ, ತಂಪಿನಲ್ಲಿಟ್ಟು ದೂರ ಸಾಗಿಸುವುದನ್ನು ಅಲ್ಲಿ ನೋಡಿ ಕಲಿಯಬಹುದು.

ಇನ್ನೊಬ್ಬರು: ಆಸ್ಟ್ರೇಲಿಯಾ ಇರಲಿ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿ ಬರಕೂಡದೆಂದು ಗಡಿ ಮುಚ್ಚಿತಲ್ಲ, ಆಗ ಶ್ರೀನಿವಾಸಪುರದ ಬೆಳೆಗಾರರು ಬೀದಿಗೆ ಬಂದರು. ತೋತಾಪುರಿ ಹೋಗುವುದೇ ಚಿತ್ತೂರಿನ ತಿರುಳು ಕಾರ್ಖಾನೆಗಳಿಗೆ. ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು. ಪಕ್ಕದ ಮನೆಯವರ ಜೊತೆ ಮಾತು ಬಿಟ್ಟು ಸಮುದ್ರದಾಚೆ ನೆಂಟರನ್ನು ಹುಡುಕುವುದು ಯಾವ ನ್ಯಾಯ?

ಒಬ್ಬರು: ಈ ಆಕ್ಷೇಪ ನ್ಯಾಯವಾದದ್ದೇ, ಇದಕ್ಕೆ ಪೂರ್ತಿ ಉತ್ತರವೂ ಇಲ್ಲ. ಮುಳಬಾಗಿಲಿನ ಮಟ್ಟಿಗಂತೂ ಇದೇ ಸರಿ. ಡಿ.ವಿ.ಜಿ. ಹುಟ್ಟಿದ ಊರು, ಕುರುಡುಮಲೆ, ಆವನಿಗಳ ಬಾಗಿಲು. ಚೆನ್ನೈ ಹೆದ್ದಾರಿಯಲ್ಲಿ ಕರ್ನಾಟಕದ ಕೊನೆಯ ದೊಡ್ಡ ಊರು. ಅದರ ವ್ಯಾಪಾರ, ಮದುವೆ ಸಂಬಂಧ, ಮಾತು ಎಲ್ಲವೂ ಪಲಮನೇರು, ಚಿತ್ತೂರುಗಳ ಜೊತೆ ಬೆರೆತಿವೆ. ಆ ಊರುಗಳ ಜೊತೆ ಒಪ್ಪಂದಕ್ಕೆ ವಿದೇಶಾಂಗ ಸಚಿವಾಲಯದ ಅನುಮತಿಯೂ ಬೇಕಿಲ್ಲ. ಇನ್ನು ಹೊರದೇಶದ ವಿಷಯಕ್ಕೆ ಬಂದರೆ, ಇಷ್ಟು ಚಿಕ್ಕ ಊರುಗಳು ಒಂಟಿಯಾಗಿ ಹೊರಡಬೇಕಾದ್ದಿಲ್ಲ. ಯುರೋಪಿನಲ್ಲಿ 1991ರಲ್ಲಿ ಹುಟ್ಟಿದ ಡೂಜ಼ಲಾಜ್ ಎಂಬ ಕೂಟಕ್ಕೆ ಒಂದೊಂದು ದೇಶದಿಂದ ಒಂದೊಂದು ಸಣ್ಣ ಊರು ಸೇರಿಕೊಂಡಿದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಒಟ್ಟಾದರೆ ಎರಡೂವರೆ ಲಕ್ಷ ಮೀರುತ್ತದೆ. ನಾಲ್ಕು ಊರು ಸೇರಿ ಒಂದೇ ಸಮಿತಿ ಮಾಡಿಕೊಂಡು, ಪಚೂಕವನ್ನೋ ಓಜುವನ್ನೋ ಹಂಚಿಕೊಳ್ಳಬಹುದು.

ಇನ್ನೊಬ್ಬರು: ಮಾಡಿಕೊಳ್ಳಬಹುದು ಅನ್ನುವುದಕ್ಕೂ ಮಾಡುವುದಕ್ಕೂ ನಡುವೆ ಎಷ್ಟು ಮೇಜುಗಳಿವೆ?

ಒಬ್ಬರು: ಬಹಳ. ವಿದೇಶ ವ್ಯವಹಾರ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿಯಲ್ಲಿದೆ. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯಲ್ಲಿ ನಡೆಯುವ ಸ್ಥಳೀಯ ಸಂಸ್ಥೆ ತಾನಾಗಿ ಹೊರದೇಶದ ಜೊತೆ ಕಟ್ಟುಪಾಡು ಮಾಡಿಕೊಳ್ಳಲಾಗದು. ಸಭೆಯಲ್ಲಿ ನಿರ್ಣಯವಾಗಬೇಕು. ಅದು ಜಿಲ್ಲಾಧಿಕಾರಿ, ಪೌರಾಡಳಿತ ನಿರ್ದೇಶನಾಲಯ, ನಗರಾಭಿವೃದ್ಧಿ ಇಲಾಖೆಗಳ ಮೂಲಕ ದೆಹಲಿಗೆ ಹೋಗಬೇಕು. ವಿದೇಶಾಂಗ ಸಚಿವಾಲಯದ ಒಪ್ಪಿಗೆ ಬಂದ ಮೇಲೆಯೇ ಸಹಿ. ರಾಜ್ಯಗಳ ಇಂಥ ವ್ಯವಹಾರ ನೋಡಿಕೊಳ್ಳಲು ಆ ಸಚಿವಾಲಯ 2014ರಲ್ಲಿ ಪ್ರತ್ಯೇಕ ವಿಭಾಗವನ್ನೂ ತೆರೆಯಿತು. ಇನ್ನೊಂದು ಒಳದಾರಿಯೂ ಉಂಟು. ಕರ್ನಾಟಕಕ್ಕೆ 2007ರಿಂದ ಜರ್ಮನಿಯ ಬವೇರಿಯಾ ಜೊತೆಗೂ 2015ರಿಂದ ಚೀನಾದ ಸಿಚುವಾನ್ ಜೊತೆಗೂ ರಾಜ್ಯಮಟ್ಟದ ನಂಟಿದೆ. ಅಂಥದರ ನೆರಳಿನಲ್ಲಿ ಊರುಗಳು ನಡೆದರೆ ಕಡತ ಸ್ವಲ್ಪ ಬೇಗ ಚಲಿಸುತ್ತದೆ. ಆದರೆ ಆಗ ಆಯ್ಕೆ ಮತ್ತೆ ಮೇಲಿನವರ ಕೈಗೆ ಹೋಗುತ್ತದೆ.

ಇನ್ನೊಬ್ಬರು: ಇಷ್ಟೆಲ್ಲ ಮಾಡಿ ಕಟ್ಟಿದ್ದು ರಾಜಕೀಯ ಕೆಟ್ಟರೆ ಒಂದೇ ದಿನದಲ್ಲಿ ಬೀಳಬಹುದಲ್ಲ.

ಒಬ್ಬರು: ಬಿದ್ದಿವೆ. 1957ರಿಂದ ಜೋಡಿಯಾಗಿದ್ದ ಸ್ಯಾನ್ ಫ್ರಾನ್ಸಿಸ್ಕೊವನ್ನು ಜಪಾನಿನ ಒಸಾಕಾ 2018ರಲ್ಲಿ ಬಿಟ್ಟಿತು. ಯುದ್ಧಕಾಲದಲ್ಲಿ ಜಪಾನಿ ಸೇನೆ ದುರ್ಬಳಕೆ ಮಾಡಿಕೊಂಡ ಹೆಂಗಸರ ಸ್ಮಾರಕವೊಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎದ್ದದ್ದು ಅದಕ್ಕೆ ಕಾರಣ. ಬೀಜಿಂಗ್ ಜೊತೆಗಿನ ಒಪ್ಪಂದದಲ್ಲಿ ತೈವಾನ್ ಕುರಿತ ಷರತ್ತಿತ್ತೆಂದು ಪ್ರಾಗ್ ನಗರ 2019ರಲ್ಲಿ ಅದನ್ನು ಕೈಬಿಟ್ಟು, ಮರುವರ್ಷ ತೈಪೆಯ ಜೊತೆ ಸಹಿ ಹಾಕಿತು. 2022ರ ನಂತರ ಯುರೋಪಿನ ಎಷ್ಟೋ ಊರುಗಳು ರಷ್ಯಾದ ಸೋದರಿಯರನ್ನು ದೂರ ಇಟ್ಟಿವೆ. ಆದುದರಿಂದ ಆರಿಸುವಾಗ ಎರಡು ದೇಶಗಳ ಸಂಬಂಧ ಹೇಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮೆಕ್ಸಿಕೊ, ಜಪಾನ್, ಆಸ್ಟ್ರೇಲಿಯಾ ಮೂರರಲ್ಲೂ ಆ ಅಳುಕು ಕಡಿಮೆ.

ಇನ್ನೊಬ್ಬರು: ನಿಜವಾದ ಅಳುಕು ಹೊರಗಿನದಲ್ಲ. ಇಲ್ಲಿ ನಗರಸಭೆ, ಪುರಸಭೆ ಅಧ್ಯಕ್ಷರ ಅವಧಿ 30 ತಿಂಗಳು, ಅದರಲ್ಲೂ ಮೀಸಲಾತಿ ಪಟ್ಟಿ ತಡವಾದರೆ ಕುರ್ಚಿಯೇ ಖಾಲಿ. ಪೌರಾಯುಕ್ತರ ವರ್ಗಾವಣೆ ಯಾವಾಗ ಬರುತ್ತದೋ ಯಾರೂ ಹೇಳಲಾರರು. ಟ್ಯಾಂಕರ್ ನೀರಿನ ಬಿಲ್ಲು ಕಟ್ಟಲು ಒದ್ದಾಡುವ ಸಂಸ್ಥೆಯಲ್ಲಿ ಪಚೂಕದಿಂದ ಬಂದ ಪತ್ರಕ್ಕೆ ಉತ್ತರ ಬರೆಯುವವರು ಯಾರು?

ಒಬ್ಬರು: ಅದಕ್ಕೇ ಫ್ರಾನ್ಸಿನ ಎಷ್ಟೋ ಕಡೆ ಈ ಕೆಲಸವನ್ನು ಊರಿನ ಆಡಳಿತ ತಾನೇ ಇಟ್ಟುಕೊಳ್ಳದೆ ಸಾರ್ವಜನಿಕರ ಸಮಿತಿಗೆ ಬಿಡುತ್ತದೆ. ಮೇಷ್ಟರು, ನಿವೃತ್ತರು, ವ್ಯಾಪಾರಸ್ಥರು ಅದರಲ್ಲಿರುತ್ತಾರೆ. ಕೋಲಾರದಲ್ಲಾದರೆ ಕಾಲೇಜುಗಳು, ಕೆರೆ ಬಳಕೆದಾರರ ಸಂಘಗಳು, ಮಾವು ಬೆಳೆಗಾರರ ಸಂಘ, ಕೆಜಿಎಫ್‌ನ ಹಳೆಯ ಗಣಿ ಕಾರ್ಮಿಕರು ಸೇರಬೇಕು. ಒಪ್ಪಂದಕ್ಕೆ ಕೈ ಹಾಕುವ ಮುಂಚೆ ಎರಡು ಮೂರು ವರ್ಷ ಬರಿಯ ಪತ್ರ ವ್ಯವಹಾರ, ಕೆರೆ ನೀರಿನ ಪರೀಕ್ಷೆಯ ಅಂಕಿ ಅಂಶ ಹಂಚಿಕೆ, ಒಂದೆರಡು ವಿದ್ಯಾರ್ಥಿಗಳ ಓಡಾಟ ಸಾಕು. ಆಮೇಲೂ ನಂಟು ಬೇಕೆನಿಸಿದರೆ ಐದು ವರ್ಷದ ಗಡುವಿಟ್ಟು ಸಹಿ ಹಾಕುವುದು. ಆ ಐದು ವರ್ಷದಲ್ಲಿ ಏನೂ ನಡೆಯದಿದ್ದರೆ ಅದು ತಾನಾಗಿ ಮುಗಿಯುತ್ತದೆ.

ಇನ್ನೊಬ್ಬರು: ಸಮಿತಿಯ ಮೊದಲ ಸಭೆಗೆ ಚಿತ್ತೂರಿನವರನ್ನೂ ಕರೆಯುವುದಾದರೆ ಒಪ್ಪಿಗೆ.

ಒಬ್ಬರು: ಕರೆಯಬೇಕು. ಮಾವಿನ ಕಾಲ ಬರುವ ಮುಂಚೆಯೇ.